ಮೈಟ್ರಲ್ ದ್ವಾರಸಂಕೋಚ

ಹೃದಯದ ಎಡಭಾಗದಲ್ಲಿ ಹೃತ್ಕರ್ಣಕ್ಕೂ ಹೃತ್ಕುಕ್ಷಿಗೂ ನಡುವೆ ಇರುವ, ಎರಡು ದಳಗಳುಳ್ಳ ಮೈಟ್ರಲ್ ಕವಾಟವು, ಬಾಲ್ಯದಲ್ಲೋ ಕೌಮಾರದಲ್ಲೋ ತಗಲಿದ ಕೀಲುವಾತ ಜ್ವರದ ಪರಿಣಾಮವಾಗಿ ದಪ್ಪಗಟ್ಟಿ, ದಳಗಳ ಅಂಚುಗಳು ಒಂದಕ್ಕೊಂದು ಬೆಸೆದುಕೊಂಡು, ರಕ್ತ ಹರಿಯುವ ದ್ವಾರ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಹೋಗುವ ವ್ಯಾಧಿಗೆ ಮೈಟ್ರಲ್ ದ್ವಾರಸಂಕೋಚವೆಂದು ಹೆಸರು. ಹುಟ್ಟಿನಿಂದಲೇ ಕವಾಟ ವಿಕೃತವಾಗಿರುವುದೂ, ವೃದ್ಧಾಪ್ಯದಲ್ಲಿ ಕವಾಟದ ಉಂಗುರದಲ್ಲಿ ಸುಣ್ಣಾಂಶ ಸಂಚಯವಾಗಿ ಇಂಥದೇ ಅಡಚಣೆ ತಲೆದೋರುವುದೂ ಉಂಟಾದರೂ, ಭಾರತದಲ್ಲಿ ಕಾಣಬರುವ ಈ ರೋಗದ ಬಹುಪಾಲಿಗೆ ಕೀಲುವಾತ ಜ್ವರವೇ, ಎಂದರೆ ವೈದ್ಯರು ರುಮಾಟಿಕ್ ಜ್ವರವೆಂದು ಕರೆಯುವ ಬೇನೆಯೇ, ಕಾರಣವಾಗಿರುತ್ತದೆ. ರೋಗಿಗಳಲ್ಲಿ ಸುಮಾರು ಮೂರರಲ್ಲೆರಡು ಪಾಲು ಸ್ತ್ರೀಯರು. ಹೃದ್ರೋಗಗಳಲ್ಲೆಲ್ಲ ಇಷ್ಟರಮಟ್ಟಿಗೆ ಕಾಲದ ಲೆಕ್ಕಕ್ಕೆ ಕಟ್ಟುಬಿದ್ದ ರೋಗ ಮತ್ತೊಂದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಜ್ವರ ಬಂದುಹೋದ ಮೇಲೆ ಸದ್ದಿಲ್ಲದೆ ಕಳೆಯುವ ವರ್ಷಗಳಿಂದ ಹಿಡಿದು ಎರಡು ಮಿಡಿತಗಳ ನಡುವಣ ಅರೆ ಸೆಕೆಂಡಿನವರೆಗೆ, ರೋಗದ ನಿದಾನವೂ ಚಿಕಿತ್ಸೆಯೂ ಆ ಲೆಕ್ಕವನ್ನು ಹಿಡಿದೇ ನಡೆಯಬೇಕಾಗುತ್ತದೆ.

ರೋಗದ ಬೀಜ ಇರುವುದು ಗಂಟಲಿನಲ್ಲಿ. ಎ ಗುಂಪಿನ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಮಕ್ಕಳಿಗೆ ಗಂಟಲುಬೇನೆ ಬಂದು ವಾಸಿಯಾದ ಎರಡು ಮೂರು ವಾರಗಳ ತರುವಾಯ, ಕೆಲವರಲ್ಲಿ ಮಾತ್ರ, ಜ್ವರವೂ ಒಂದು ಕೀಲಿನಿಂದ ಇನ್ನೊಂದಕ್ಕೆ ಸರಿದಾಡುವ ನೋವೂ ಕಾಣಿಸಿಕೊಳ್ಳುತ್ತವೆ. ರೋಗಾಣುವಿನ ಮೈಮೇಲಿರುವ ಎಂ ಪ್ರೋಟೀನಿಗೂ ಹೃದಯದ ಅಂಗಾಂಶದ ಕೆಲವು ಪ್ರೋಟೀನುಗಳಿಗೂ ರಚನೆಯಲ್ಲಿ ಹೋಲಿಕೆಯಿರುವ ಕಾರಣ, ರೋಗಾಣುವನ್ನು ಕೊಲ್ಲಲೆಂದು ದೇಹ ಸಿದ್ಧಪಡಿಸಿದ ರಕ್ಷಣಾಬಲವು ತನ್ನ ಹೃದಯದ ಮೇಲೆಯೇ ಎರಗುತ್ತದೆ. ಕೀಲುಗಳು ಯಾವ ಕುರುಹನ್ನೂ ಉಳಿಸದೆ ಗುಣವಾಗುತ್ತವೆ; ಕವಾಟ ಮಾತ್ರ ಹಾಗಲ್ಲ. ದಳಗಳ ಅಂಚಿನಲ್ಲಿ ಉಂಟಾದ ಉರಿಯೂತ ಮಾಯುವಾಗ ನಾರುಗಟ್ಟಿ, ಎರಡು ದಳಗಳು ಕೂಡುವ ಸಂಧಿಗಳನ್ನು ಬೆಸೆದುಬಿಡುತ್ತದೆ. ದಳಗಳನ್ನು ಕುಕ್ಷಿಯ ಸ್ನಾಯುಗಳಿಗೆ ಬಿಗಿಯುವ ಹೃತ್ತಂತುಗಳೂ ಮೊಟಕಾಗಿ ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಇಡೀ ಕವಾಟವು ಕೆಳಗೆ ಕಿರಿದಾದ ಆಲಿಕೆಯ ಆಕಾರವನ್ನು ತಾಳುತ್ತದೆ. ಜ್ವರ ಮರುಕಳಿಸಿದಷ್ಟೂ ಈ ಕಾರ್ಯ ತ್ವರೆಗೊಳ್ಳುತ್ತದೆ. ಕೀಲುವಾತ ಜ್ವರವನ್ನು ಗುರುತಿಸಲು ಅಮೆರಿಕದ ಡಕೆಟ್ ಜೋನ್ಸ್ 1944ರಲ್ಲಿ ರೂಪಿಸಿದ ಲಕ್ಷಣಸಂಹಿತೆಯು 2015ರಲ್ಲಿ ಪರಿಷ್ಕಾರಗೊಂಡು, ಜ್ವರ ವಿರಳವಾದ ನಾಡುಗಳಿಗೂ ವ್ಯಾಪಕವಾದ ನಾಡುಗಳಿಗೂ ಬೇರೆ ಬೇರೆ ಅಳತೆಗೋಲುಗಳನ್ನು ಒಪ್ಪಿಕೊಂಡಿತು. ಭಾರತದ ವೈದ್ಯರ ದೃಷ್ಟಿಯಿಂದ ಇದು ಬಹುಕಾಲ ಬಾಕಿಯಿದ್ದ ನ್ಯಾಯವೆಂದೇ ಹೇಳಬೇಕು.

ಜ್ವರಕ್ಕೂ ಉಸಿರಾಟದ ಕಷ್ಟಕ್ಕೂ ನಡುವೆ ಯೂರೋಪು ಅಮೆರಿಕಗಳಲ್ಲಿ ಇಪ್ಪತ್ತರಿಂದ ನಲವತ್ತು ವರ್ಷಗಳ ಅಂತರವಿರುವುದು ವಾಡಿಕೆ. ಹೀಗಾಗಿ ಅಲ್ಲಿನ ಗ್ರಂಥಗಳು ಈ ರೋಗವನ್ನು ಮಧ್ಯವಯಸ್ಸಿನ ರೋಗವೆಂದು ವರ್ಣಿಸುತ್ತಿದ್ದವು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಸುಜೊಯ್ ರಾಯ್ ಮತ್ತು ಅವರ ಸಹೋದ್ಯೋಗಿಗಳು 1963ರಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವೊಂದು ಈ ವರ್ಣನೆ ನಮಗೆ ಒಪ್ಪದೆಂಬುದನ್ನು ತೋರಿಸಿಕೊಟ್ಟಿತು: ಭಾರತದಲ್ಲಿ ಇಪ್ಪತ್ತು ವರ್ಷ ತುಂಬುವುದಕ್ಕೆ ಮುಂಚೆಯೇ, ಕೆಲವೊಮ್ಮೆ ಶಾಲೆಗೆ ಹೋಗುವ ವಯಸ್ಸಿನಲ್ಲಿಯೇ, ಕವಾಟ ತೀವ್ರವಾಗಿ ಕಿರಿದಾಗಿರುವ ರೋಗಿಗಳು ಹೇರಳವಾಗಿದ್ದರು. ಇಕ್ಕಟ್ಟಾದ ಮನೆಗಳಲ್ಲಿ ಹಲವರು ಒಟ್ಟಿಗೆ ಮಲಗುವ ಬಡತನ, ಮತ್ತೆ ಮತ್ತೆ ಬರುವ ಗಂಟಲುಬೇನೆ, ಅದಕ್ಕೆ ದೊರೆಯದ ಔಷಧ, ಇವೆಲ್ಲ ಸೇರಿ ದಶಕಗಳಲ್ಲಿ ಆಗಬೇಕಾದುದನ್ನು ಕೆಲವೇ ವರ್ಷಗಳಲ್ಲಿ ಮಾಡಿ ಮುಗಿಸುತ್ತವೆ. ಪಾಶ್ಚಾತ್ಯ ದೇಶಗಳಲ್ಲಿ ಪೆನಿಸಿಲಿನ್ ಬರುವುದಕ್ಕೆ ಮೊದಲೇ, ವಸತಿ ಮತ್ತು ಆಹಾರ ಸುಧಾರಿಸಿದಂತೆ ಈ ಜ್ವರ ಇಳಿಮುಖವಾಗಿತ್ತೆಂಬ ಸಂಗತಿಯನ್ನೂ ಇಲ್ಲಿ ನೆನೆಯತಕ್ಕದ್ದು. ಜಗತ್ತಿನಲ್ಲಿ ಇಂದು ಕೀಲುವಾತ ಹೃದ್ರೋಗದಿಂದ ನರಳುವವರ ಸಂಖ್ಯೆಯನ್ನು 4 ಕೋಟಿಗೂ ಹೆಚ್ಚೆಂದು ಅಂದಾಜು ಮಾಡಿದ್ದಾರೆ.

ಆರೋಗ್ಯವಂತ ವಯಸ್ಕನ ಮೈಟ್ರಲ್ ದ್ವಾರದ ವಿಸ್ತೀರ್ಣ 4ರಿಂದ 6 ಚದರ ಸೆಂಟಿಮೀಟರು. ಅದು ಅರ್ಧಕ್ಕೆ ಇಳಿಯುವವರೆಗೆ ರೋಗಿಗೆ ಏನೂ ತಿಳಿಯದು; 1.5 ಚದರ ಸೆಂಟಿಮೀಟರಿಗೆ ಇಳಿದಾಗ ಇಂದಿನ ವೈದ್ಯರು ರೋಗವನ್ನು ತೀವ್ರವೆಂದೂ, 1 ಚದರ ಸೆಂಟಿಮೀಟರಿಗೂ ಇಳಿದರೆ ಅತಿ ತೀವ್ರವೆಂದೂ ಎಣಿಸುತ್ತಾರೆ. ದ್ವಾರ ಕಿರಿದಾದಾಗ ಅದೇ ಪ್ರಮಾಣದ ರಕ್ತವನ್ನು ನೂಕಲು ಎಡ ಹೃತ್ಕರ್ಣದಲ್ಲಿ ಒತ್ತಡ ಏರಲೇಬೇಕು. ಆ ಒತ್ತಡ ಹಿಮ್ಮುಖವಾಗಿ ಪುಪ್ಫುಸಗಳ ಸಿರೆಗಳಿಗೂ ಲೋಮನಾಳಗಳಿಗೂ ಹರಡಿ, ಅಲ್ಲಿಂದ ನೀರು ಒಸರಿ, ಶ್ವಾಸಕೋಶ ತೊಯ್ದು ಬಿಗಿಯಾಗುತ್ತದೆ. ಇಷ್ಟನ್ನು ಯಾರಾದರೂ ಊಹಿಸಬಹುದು. ಸುಲಭವಾಗಿ ಹೊಳೆಯದ ವಿಷಯವೆಂದರೆ ಹೃದಯಬಡಿತದ ವೇಗ ಇಲ್ಲಿ ವಹಿಸುವ ಪಾತ್ರ. ಮೈಟ್ರಲ್ ಕವಾಟದ ಮೂಲಕ ರಕ್ತ ಹರಿಯುವುದು ಕುಕ್ಷಿಯು ಸಡಿಲಗೊಂಡಿರುವ ವ್ಯಾಕೋಚನ ಕಾಲದಲ್ಲಿ ಮಾತ್ರ. ನಾಡಿಯ ವೇಗ ಹೆಚ್ಚಿದಾಗ ಆಕುಂಚನದ ಅವಧಿ ಅಷ್ಟಾಗಿ ಕುಗ್ಗದೆ ವ್ಯಾಕೋಚನದ ಅವಧಿಯೇ ಬಹಳವಾಗಿ ಕುಗ್ಗುತ್ತದೆ. ಆದುದರಿಂದ ಕಿರಿದಾದ ದ್ವಾರದಲ್ಲಿ ಹಾಯಬೇಕಾದ ರಕ್ತಕ್ಕೆ ಹೊತ್ತೂ ಸಾಲದಾಗುತ್ತದೆ. ಮೇಲಾಗಿ, ರಿಚರ್ಡ್ ಗಾರ್ಲಿನ್ ಮತ್ತು ಅವರ ತಂದೆ ಸ್ಯಾಮ್ಯುಯೆಲ್ ಗಾರ್ಲಿನ್ 1951ರಲ್ಲಿ ಜಲಶಾಸ್ತ್ರದ ನಿಯಮಗಳಿಂದ ಸಾಧಿಸಿದ ಸೂತ್ರದಂತೆ, ಕವಾಟದ ಎರಡು ಕಡೆಗಳ ಒತ್ತಡದ ಅಂತರವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ಪ್ರವಾಹ ಎರಡರಷ್ಟಾದರೆ ಅಂತರ ನಾಲ್ಕರಷ್ಟು. ಕುಳಿತಾಗ ಸುಖವಾಗಿದ್ದ ಹೆಂಗಸು ನೀರಿನ ಕೊಡ ಹೊತ್ತು ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಉಸಿರು ಸಿಕ್ಕಿ ನಿಲ್ಲುವುದಕ್ಕೂ, ಜ್ವರ, ರಕ್ತಹೀನತೆ, ಬಸುರು, ಗಾಬರಿ, ಇವುಗಳಲ್ಲಿ ಯಾವುದೊಂದು ಬಂದರೂ ರೋಗ ಒಮ್ಮೆಲೇ ಉಲ್ಬಣಿಸುವುದಕ್ಕೂ ಕಾರಣ ಇದೇ. ಈ ಒಂದು ತತ್ತ್ವವನ್ನು ಚೆನ್ನಾಗಿ ಗ್ರಹಿಸಿದವನಿಗೆ ಚಿಕಿತ್ಸಾಕ್ರಮದ ಅರ್ಧಭಾಗವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ರೋಗಿಗಳು ವೈದ್ಯರಲ್ಲಿಗೆ ಬರುವುದು ಸಾಮಾನ್ಯವಾಗಿ 'ದಮ್ಮು' ಎಂದೋ 'ಎದೆ ಡವಡವ' ಎಂದೋ ಹೇಳಿಕೊಂಡು. ಮೊದಮೊದಲು ಶ್ರಮಪಟ್ಟಾಗ ಮಾತ್ರ ಇರುವ ಏದುಸಿರು, ಕಾಲಕ್ರಮದಲ್ಲಿ ಮಲಗಿದಾಗಲೂ ಕಾಡತೊಡಗಿ, ನಡುರಾತ್ರಿಯಲ್ಲಿ ಎದ್ದು ಕೂರುವಂತೆ ಮಾಡುತ್ತದೆ. ಚಳಿಗಾಲದಲ್ಲಿ ಬಿಡದ ಕೆಮ್ಮು, ಕಫದಲ್ಲಿ ರಕ್ತ, ಬಳಲಿಕೆ, ಕೆಲವೊಮ್ಮೆ ಹಿಗ್ಗಿದ ಹೃತ್ಕರ್ಣದ ನೆರೆಯಲ್ಲಿ ಧ್ವನಿಪೆಟ್ಟಿಗೆಯ ನರ ಒತ್ತಿಹೋಗಿ ಕಂಠ ಗೊಗ್ಗರಾಗುವುದು, ಇವೆಲ್ಲ ಸೇರಿ ರೋಗಿಯನ್ನು ವರ್ಷಗಟ್ಟಲೆ ಉಬ್ಬಸದ ರೋಗಿಯೆಂದೋ ಕ್ಷಯರೋಗಿಯೆಂದೋ ತಪ್ಪಾಗಿ ಭಾವಿಸಲು ಎಡೆಮಾಡಿಕೊಡುತ್ತವೆ. ಸುಮಾರು ಅರ್ಧದಷ್ಟು ರೋಗಿಗಳಿಗೆ ತಮಗೆ ಕೀಲುವಾತ ಜ್ವರ ಬಂದಿದ್ದ ನೆನಪೇ ಇರುವುದಿಲ್ಲವಾದ್ದರಿಂದ ಪೂರ್ವವೃತ್ತಾಂತವನ್ನು ನಂಬಿ ರೋಗವಿಲ್ಲವೆಂದು ತೀರ್ಮಾನಿಸುವುದು ಅಪಾಯಕರ. ಇನ್ನು ಕೆಲವರ ವಿಷಯದಲ್ಲಿ ರೋಗದ ಮೊಟ್ಟಮೊದಲ ಸುಳಿವೇ ಪಕ್ಷಾಘಾತವಾಗಿರುವುದೂ ಉಂಟು. ಹಿಗ್ಗಿದ ಹೃತ್ಕರ್ಣದಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ, ಅದರ ತುಣುಕೊಂದು ಮಿದುಳಿಗೆ ಹೋಗಿ ಸಿಕ್ಕಿಕೊಂಡ ಫಲ ಅದು.

ಕಿವಿಗೊಟ್ಟು ಕೇಳುವವನಿಗೆ ಈ ರೋಗ ತನ್ನನ್ನು ತಾನೇ ಹೇಳಿಕೊಳ್ಳುತ್ತದೆ. ಫ್ರಾನ್ಸಿನ ಲೆನೆಕ್ 1816ರಲ್ಲಿ ಸ್ಟೆತೊಸ್ಕೋಪನ್ನು ಕಂಡುಹಿಡಿದು 1819ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದ ತರುವಾಯ, ಅದೇ ದೇಶದ ಫೋವೆಲ್ 1843ರಲ್ಲಿ ಆಕುಂಚನಕ್ಕೆ ತುಸು ಮುಂಚೆ ಏರುವ ಮರ್ಮರವನ್ನು ಈ ಕವಾಟಕ್ಕೆ ಸಂಬಂಧಿಸಿದ್ದೆಂದು ತಿಳಿಸಿದನು. ಡ್ಯುರೋಜಿಯೆ ಎಂಬ ವೈದ್ಯನು ಅದರ ಧ್ವನಿಗಳ ತಾಳವನ್ನು ಉಚ್ಚಾರದಲ್ಲಿಯೇ ಅನುಕರಿಸಿ ಶಿಷ್ಯರಿಗೆ ಕಲಿಸುತ್ತಿದ್ದನು. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಸ್ಟೆತೊಸ್ಕೋಪಿನ ಗಂಟೆಯಂಥ ಭಾಗವನ್ನು ಹೃದಯಾಗ್ರದ ಮೇಲೆ ಹಗುರವಾಗಿಟ್ಟರೆ, ಬಲವಾದ ಮೊದಲನೆಯ ಧ್ವನಿ, ಎರಡನೆಯ ಧ್ವನಿಯ ಬೆನ್ನಿಗೇ ಬಿಗಿದ ದಳಗಳು ತೆರೆದುಕೊಳ್ಳುವ ಚಟಕು, ಅನಂತರ ಮಂದ್ರಸ್ವರದಲ್ಲಿ ಉರುಳುವ ಮರ್ಮರ, ಇವು ಕ್ರಮವಾಗಿ ಕೇಳಿಸುತ್ತವೆ. ಇಲ್ಲಿಯೂ ಕಾಲವೇ ಅಳತೆಗೋಲು. ಮರ್ಮರ ಎಷ್ಟು ಜೋರಾಗಿದೆ ಎಂಬುದರಿಂದ ರೋಗದ ತೀವ್ರತೆ ತಿಳಿಯದು. ಅದು ಎಷ್ಟು ಹೊತ್ತು ಉಳಿಯುತ್ತದೆ ಎಂಬುದರಿಂದ ತಿಳಿಯುತ್ತದೆ. ಎರಡನೆಯ ಧ್ವನಿಗೂ ಚಟಕಿಗೂ ನಡುವಣ ಅಂತರ ಕಡಿಮೆಯಾದಷ್ಟೂ ಹೃತ್ಕರ್ಣದ ಒತ್ತಡ ಹೆಚ್ಚು, ದ್ವಾರ ಹೆಚ್ಚು ಕಿರಿದು. ದಳಗಳಲ್ಲಿ ಸುಣ್ಣಗಟ್ಟಿ ಚಲನೆ ನಿಂತುಹೋದಾಗ ಚಟಕೂ ಮೊದಲ ಧ್ವನಿಯ ಬಲವೂ ಕುಂದುತ್ತವೆ. ಮುಂದೆ ವಿವರಿಸಲಿರುವ ಬಲೂನಿನ ಚಿಕಿತ್ಸೆಗೆ ಅಂಥ ಕವಾಟ ಅಷ್ಟಾಗಿ ಒಗ್ಗದೆಂಬ ಮುನ್ಸೂಚನೆಯನ್ನು ಕಿವಿಯೇ ಕೊಟ್ಟಂತಾಯಿತು. ಮಹಾಪಧಮನಿಯ ಕವಾಟ ಸೋರುವಾಗ ಅಮೆರಿಕದ ಆಸ್ಟಿನ್ ಫ್ಲಿಂಟ್ 1862ರಲ್ಲಿ ವರ್ಣಿಸಿದ ತದ್ರೂಪಿ ಮರ್ಮರವೂ, ಎಡ ಹೃತ್ಕರ್ಣದಲ್ಲಿ ಬೆಳೆಯುವ ಮಿಕ್ಸೋಮ ಎಂಬ ಗಡ್ಡೆಯೂ ಅನುಭವಿಗಳನ್ನೂ ದಾರಿತಪ್ಪಿಸಬಲ್ಲವು.

ಹೃದಯದ ವಿದ್ಯುಲ್ಲೇಖದಲ್ಲಿ ಅಗಲವಾಗಿ ಕವಲೊಡೆದ ಪಿ ತರಂಗ, ಎಕ್ಸ್-ರೇ ಚಿತ್ರದಲ್ಲಿ ನೆಟ್ಟಗಾದ ಹೃದಯದ ಎಡ ಅಂಚು ಮತ್ತು ಮೇಲಕ್ಕೆ ತಳ್ಳಲ್ಪಟ್ಟ ಎಡ ಶ್ವಾಸನಾಳ, ಇವು ಪೋಷಕ ಸಾಕ್ಷ್ಯಗಳು. ನಿರ್ಣಾಯಕ ಸಾಕ್ಷ್ಯವನ್ನು ಹೇಳುವುದು ಶ್ರವಣಾತೀತ ತರಂಗಗಳ ಎಕೊಕಾರ್ಡಿಯೋಗ್ರಫಿ. ಸ್ವೀಡನ್ನಿನ ಲುಂಡ್ ನಗರದಲ್ಲಿ ಇಂಗೆ ಎಡ್ಲರ್ ಎಂಬ ವೈದ್ಯನೂ ಹೆಲ್ಮುಟ್ ಹರ್ಟ್ಸ್ ಎಂಬ ಭೌತವಿಜ್ಞಾನಿಯೂ 1953ರಲ್ಲಿ ಈ ವಿದ್ಯೆಯನ್ನು ಆರಂಭಿಸಿದಾಗ ಅದರ ಮೊದಲ ಮುಖ್ಯ ಉಪಯೋಗ ಶಸ್ತ್ರಚಿಕಿತ್ಸೆಗೆ ಮುಂಚೆ ಮೈಟ್ರಲ್ ಕವಾಟವನ್ನು ಪರೀಕ್ಷಿಸುವುದೇ ಆಗಿದ್ದಿತು. ಇಂದು ಪರದೆಯ ಮೇಲೆ ಕವಾಟದ ಅಡ್ಡನೋಟವನ್ನು ಹಿಡಿದು, ವೈದ್ಯರು ಮೀನಿನ ಬಾಯಿ ಎಂದು ಕರೆಯುವ ಆ ಸೀಳಿನ ಅಂಚನ್ನು ಗೆರೆಯಿಂದ ಬಳಸಿ ವಿಸ್ತೀರ್ಣವನ್ನು ನೇರವಾಗಿ ಅಳೆಯುತ್ತಾರೆ. ನಾರ್ವೆಯ ಲಿವ್ ಹಾಟ್ಲೆ ಬಳಕೆಗೆ ತಂದ ಮತ್ತೊಂದು ಕ್ರಮವು ಪುನಃ ಕಾಲದ್ದೇ: ಕವಾಟದ ಎರಡು ಕಡೆಗಳ ಒತ್ತಡದ ಅಂತರ ಅರ್ಧಕ್ಕೆ ಇಳಿಯಲು ಹಿಡಿಯುವ ಅವಧಿಯನ್ನು ಮಿಲಿಸೆಕೆಂಡುಗಳಲ್ಲಿ ಅಳೆದು, ಅದರಿಂದ 220ನ್ನು ಭಾಗಿಸಿದರೆ ವಿಸ್ತೀರ್ಣ ದೊರೆಯುತ್ತದೆ; 220 ಮಿಲಿಸೆಕೆಂಡು ಹಿಡಿದರೆ 1 ಚದರ ಸೆಂಟಿಮೀಟರು. ಒತ್ತಡದ ಅಂತರವನ್ನು ಬರೆಯುವಾಗ ಆ ಹೊತ್ತಿನ ನಾಡಿಯ ವೇಗವನ್ನೂ ಬರೆಯದಿದ್ದರೆ ಆ ಅಂಕೆಗೆ ಅರ್ಥವಿಲ್ಲ. ಈ ಸಣ್ಣ ಶಿಸ್ತನ್ನು ಎಷ್ಟೋ ವರದಿಗಳು ಮರೆಯುತ್ತವೆ. ರೋಗಿ ಹೇಳುವ ಕಷ್ಟಕ್ಕೂ ವಿಶ್ರಾಂತಿಯಲ್ಲಿ ತೆಗೆದ ಅಳತೆಗೂ ತಾಳೆಯಾಗದಿದ್ದರೆ, ವ್ಯಾಯಾಮ ಮಾಡಿಸಿ ಮತ್ತೊಮ್ಮೆ ಅಳೆಯಬೇಕಾಗುತ್ತದೆ.

ಇಂಥ ಅಡಚಣೆಯನ್ನು ಕೈಯಿಂದ ಬಿಡಿಸಬಹುದೆಂಬ ಆಲೋಚನೆ ಹಳೆಯದು. ಅದು ಕಾರ್ಯಕ್ಕೆ ಬಂದ ಬಗೆ ಮಾತ್ರ ವೈದ್ಯಶಾಸ್ತ್ರದ ಇತಿಹಾಸದಲ್ಲಿ ಅಷ್ಟೇನೂ ಗೌರವದ ಅಧ್ಯಾಯವಲ್ಲ. ಲಂಡನ್ನಿನ ಲಾಡರ್ ಬ್ರಂಟನ್ 1902ರಲ್ಲಿ, ಮೃತದೇಹಗಳಲ್ಲಿ ಪ್ರಯೋಗ ಮಾಡಿ ನೋಡಿದ ಮೇಲೆ, ಇದನ್ನು ಶಸ್ತ್ರದಿಂದ ಬಿಡಿಸಲು ಸಾಧ್ಯವೆಂದು ಲಾನ್ಸೆಟ್‌ನಲ್ಲಿ ಬರೆದಾಗ ಪ್ರಶಂಸೆಗಿಂತ ಖಂಡನೆಯೇ ಅವನಿಗೆ ಹೆಚ್ಚಾಗಿ ಒದಗಿತು. ಬಾಸ್ಟನ್ನಿನಲ್ಲಿ ಎಲಿಯಟ್ ಕಟ್ಲರ್ 1923ರ ಮೇ ತಿಂಗಳಿನಲ್ಲಿ ಹನ್ನೆರಡು ವರ್ಷದ ಬಾಲಕಿಯೊಬ್ಬಳ ಹೃದಯದೊಳಕ್ಕೆ ಕುಕ್ಷಿಯ ಮೂಲಕ ಚಾಕುವನ್ನು ತೂರಿಸಿ ಕವಾಟವನ್ನು ಕೊಯ್ದನು. ಆಕೆ ನಾಲ್ಕು ವರ್ಷಕ್ಕೂ ಮಿಗಿಲಾಗಿ ಬದುಕಿದಳು. ಆದರೆ ತರುವಾಯದ ರೋಗಿಗಳಲ್ಲಿ ಕವಾಟದ ತುಣುಕನ್ನೇ ಕತ್ತರಿಸಿ ತೆಗೆಯುವ ಉಪಕರಣವನ್ನು ಬಳಸಿದ್ದರಿಂದ ರಕ್ತ ಹಿಂದಕ್ಕೆ ಸೋರಿ ಬಹುತೇಕ ಎಲ್ಲರೂ ತೀರಿಕೊಂಡರು. 1925ರಲ್ಲಿ ಲಂಡನ್ನಿನ ಹೆನ್ರಿ ಸೌಟರ್ ಮತ್ತೊಂದು ದಾರಿ ಹಿಡಿದನು: ಎಡ ಹೃತ್ಕರ್ಣದ ಕಿವಿಯಾಕಾರದ ಚೀಲದ ಮೂಲಕ ತನ್ನ ಬೆರಳನ್ನೇ ಒಳಗಿಳಿಸಿ, ಬಡಿಯುವ ಹೃದಯದಲ್ಲಿ ಕವಾಟವನ್ನು ಮುಟ್ಟಿ ಹಿಗ್ಗಿಸಿದನು. ರೋಗಿಣಿ ಗುಣಮುಖಳಾದಳು. ಅಚ್ಚರಿಯೆಂದರೆ, ಆ ತರುವಾಯ ಯಾವ ವೈದ್ಯನೂ ಅವನಲ್ಲಿಗೆ ಎರಡನೆಯ ರೋಗಿಯನ್ನು ಕಳುಹಿಸಲಿಲ್ಲ. ಹೃದ್ರೋಗದ ಸಾರವಿರುವುದು ಹೃದಯದ ಮಾಂಸಖಂಡದ ದೌರ್ಬಲ್ಯದಲ್ಲಿಯೇ ಹೊರತು ಕವಾಟದಲ್ಲಿ ಅಲ್ಲವೆಂದು ಸರ್ ಜೇಮ್ಸ್ ಮೆಕೆಂಜಿಯಂಥ ಮಹಾವೈದ್ಯರು ಬೋಧಿಸಿದ್ದ ಮತವು ಆಗ ಪ್ರಬಲವಾಗಿದ್ದಿತು. ಸರಿಯಾದ ಶಸ್ತ್ರಕ್ರಿಯೆಯೊಂದು ತಪ್ಪಾದ ಸಿದ್ಧಾಂತದ ಎದುರು ಇಪ್ಪತ್ತಮೂರು ವರ್ಷ ಕೈಕಟ್ಟಿ ಕೂರಬೇಕಾಯಿತು.

1948ರಲ್ಲಿ ಕಟ್ಟೆ ಒಡೆಯಿತು. ಫಿಲಡೆಲ್ಫಿಯಾದ ಚಾರ್ಲ್ಸ್ ಬೈಲಿಯ ಮೊದಲ ನಾಲ್ವರು ರೋಗಿಗಳೂ ಉಳಿಯಲಿಲ್ಲ. ಜೂನ್ 10ರಂದು ಐದನೆಯವಳು ಉಳಿದಳು. ಆರು ದಿನಗಳ ಅನಂತರ ಬಾಸ್ಟನ್ನಿನಲ್ಲಿ ಡ್ವೈಟ್ ಹಾರ್ಕೆನ್, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ರಸೆಲ್ ಬ್ರಾಕ್, ಜಯ ಕಂಡರು. ಅವರು ಕಂಡುಕೊಂಡ ಗುಟ್ಟು ಸರಳವಾದುದು: ದಳವನ್ನು ಕತ್ತರಿಸಬಾರದು, ಬೆಸೆದ ಸಂಧಿಯನ್ನು ಅದರ ಸಹಜ ರೇಖೆಯಲ್ಲಿಯೇ ಸೀಳಬೇಕು. ಮುಚ್ಚಿದ ಹೃದಯದ ಈ ಶಸ್ತ್ರಕ್ರಿಯೆ ಭಾರತದ ಪಾಲಿಗೆ ವರವಾಯಿತೆನ್ನಬಹುದು, ಏಕೆಂದರೆ ಅದಕ್ಕೆ ಹೃದಯ-ಶ್ವಾಸಕೋಶ ಯಂತ್ರದ ಹಂಗಿರಲಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಸ್ಟ್ಯಾನ್ಲಿ ಜಾನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅನುಕ್ರಮವಾಗಿ ಶಸ್ತ್ರಕ್ರಿಯೆಗೊಳಗಾದ 3,724 ರೋಗಿಗಳ ವೃತ್ತಾಂತವಿದೆ. ಯಾವ ಶ್ರೀಮಂತ ದೇಶವೂ ಆ ಗಾತ್ರದ ಅನುಭವವನ್ನು ಸುಲಭವಾಗಿ ಸರಿಗಟ್ಟಲಾರದು.

ಎದೆಯನ್ನು ತೆರೆಯದೆಯೇ ಸಂಧಿಯನ್ನು ಸೀಳುವ ಉಪಾಯವನ್ನು ಜಪಾನಿನ ಶಸ್ತ್ರವೈದ್ಯ ಕಾಂಜಿ ಇನೊಯೆ 1982ರಲ್ಲಿ ಸಾಧಿಸಿದನು. ತೊಡೆಯ ಸಂದಿನ ಸಿರೆಯಿಂದ ನಳಿಕೆಯನ್ನು ಬಲ ಹೃತ್ಕರ್ಣಕ್ಕೆ ಏರಿಸಿ, ಎರಡು ಕರ್ಣಗಳ ನಡುವಣ ತೆಳು ಗೋಡೆಯನ್ನು ಸೂಜಿಯಿಂದ ಚುಚ್ಚಿ ಎಡಕ್ಕೆ ದಾಟಿಸಿ, ಕವಾಟದಲ್ಲಿ ಬಲೂನನ್ನು ನಿಲ್ಲಿಸಿ ಉಬ್ಬಿಸುವುದು ಈ ಕ್ರಮ. ಇನೊಯೆಯ ಬಲೂನಿನ ಚಾತುರ್ಯವೆಂದರೆ, ಮೊದಲು ಮುಂಭಾಗವೂ ಆಮೇಲೆ ಹಿಂಭಾಗವೂ ಉಬ್ಬಿ, ಸೊಂಟದಂತೆ ಸಣ್ಣಗಾದ ನಡುವೆ ಕವಾಟ ಸಿಕ್ಕಿಕೊಂಡ ಮೇಲೆಯೇ ಆ ನಡುವೂ ಹಿಗ್ಗುತ್ತದೆ, ಬಲೂನು ಜಾರಿಹೋಗದು. ರೋಗಿಯ ಎತ್ತರವನ್ನು ಸೆಂಟಿಮೀಟರುಗಳಲ್ಲಿ ತೆಗೆದು ಹತ್ತರಿಂದ ಭಾಗಿಸಿ ಹತ್ತನ್ನು ಕೂಡಿದರೆ ಬಲೂನಿನ ಅಡ್ಡಳತೆ ಮಿಲಿಮೀಟರುಗಳಲ್ಲಿ ಬರುತ್ತದೆಂಬ ಕೈಲೆಕ್ಕ ಇಂದಿಗೂ ಬಳಕೆಯಲ್ಲಿದೆ. ಅಮೆರಿಕದ ಜೇಮ್ಸ್ ಲಾಕ್, ದೆಹಲಿಯ ಖಲೀಲುಲ್ಲಾ, ಶ್ರೀವಾಸ್ತವ ಮೊದಲಾದವರೊಡಗೂಡಿ, ಭಾರತದ ಎಳೆಯ ರೋಗಿಗಳಲ್ಲಿ ಬೇರೆ ಬಗೆಯ ಬಲೂನನ್ನು ಬಳಸಿ ಪಡೆದ ಫಲವನ್ನು 1985ರಲ್ಲಿ ಪ್ರಕಟಿಸಿದನು. ಹೈದರಾಬಾದಿನ ರೋಗಿಗಳಲ್ಲಿ ನಡೆದು 1994ರಲ್ಲಿ ವರದಿಯಾದ ಹೋಲಿಕೆಯಲ್ಲಿ ಬಲೂನು ತೆರೆದ ಹೃದಯದ ಶಸ್ತ್ರಕ್ರಿಯೆಗೆ ಕಡಿಮೆಯಾಗಲಿಲ್ಲ; 1998ರಲ್ಲಿ ಟುನೀಸಿಯದಿಂದ ಬಂದ ಏಳು ವರ್ಷಗಳ ಹೋಲಿಕೆಯೂ ಹಾಗೆಯೇ ಹೇಳಿ, ಮುಚ್ಚಿದ ಹೃದಯದ ಹಳೆಯ ಕ್ರಮವನ್ನು ಕೆಳಗಿಳಿಸಿತು. ಅಂದಿನಿಂದ ತಕ್ಕ ಕವಾಟಕ್ಕೆ ಬಲೂನೇ ಮೊದಲ ಆಯ್ಕೆ. ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಸಂಸ್ಥೆ ಈ ಚಿಕಿತ್ಸೆ ಅತಿ ಹೆಚ್ಚಾಗಿ ನಡೆದಿರುವ ಕೇಂದ್ರಗಳಲ್ಲೊಂದು. ಕರ್ನಾಟಕದಲ್ಲಿ ಇದು ಬೇರೂರುವಲ್ಲಿ ಅದರ ನಿರ್ದೇಶಕರಾಗಿದ್ದ ಡಾ. ಸಿ. ಎನ್. ಮಂಜುನಾಥ್ ಅವರ ಪಾತ್ರ ದೊಡ್ಡದು. ಒಮ್ಮೆ ಬಳಸಿ ಬಿಸುಡುವ ಬಲೂನಿನ ಬೆಲೆ ಬಡ ದೇಶಗಳಿಗೆ ಭಾರವೆಂಬುದನ್ನು ಮನಗಂಡು ಫ್ರಾನ್ಸಿನ ಆಲಾನ್ ಕ್ರಿಬಿಯೆ 1990ರ ದಶಕದಲ್ಲಿ ಶುದ್ಧೀಕರಿಸಿ ಮರುಬಳಸಬಹುದಾದ ಲೋಹದ ಉಪಕರಣವೊಂದನ್ನೂ ರಚಿಸಿದ್ದನು.

ಯಾವ ಕವಾಟ ತಕ್ಕದ್ದು ಎಂಬುದೇ ಈಗಿನ ಪ್ರಶ್ನೆ. ವಿಲ್ಕಿನ್ಸ್ ಮತ್ತು ಸಹೋದ್ಯೋಗಿಗಳು 1988ರಲ್ಲಿ ಸೂಚಿಸಿದಂತೆ, ದಳಗಳ ಚಲನೆ, ಅವುಗಳ ದಪ್ಪ, ಸುಣ್ಣಗಟ್ಟಿದ ಪ್ರಮಾಣ, ಹೃತ್ತಂತುಗಳ ವಿಕೃತಿ, ಇವು ಒಂದೊಂದಕ್ಕೂ 1ರಿಂದ 4ರವರೆಗೆ ಅಂಕ ಕೊಟ್ಟು ಕೂಡಿಸಿದಾಗ ಮೊತ್ತ 8ನ್ನು ಮೀರದಿದ್ದರೆ ಫಲ ಚೆನ್ನಾಗಿರುವ ಸಂಭವ ಹೆಚ್ಚು. ಈ ಅಂಕಗಣನೆಯನ್ನು ಶಾಸನದಂತೆ ಪಾಲಿಸುವುದು ಸರಿಯಲ್ಲ, ಏಕೆಂದರೆ ಬಲೂನು ಸೀಳುವುದು ಸಂಧಿಗಳನ್ನು, ಆ ಸಂಧಿಗಳ ಸ್ಥಿತಿಗೇ ಅದರಲ್ಲಿ ಅಂಕವಿಲ್ಲ. ಎರಡೂ ಸಂಧಿಗಳು ಸುಣ್ಣಗಟ್ಟಿದ್ದರೆ, ಕವಾಟ ಆಗಲೇ ಗಣನೀಯವಾಗಿ ಸೋರುತ್ತಿದ್ದರೆ, ಹೃತ್ಕರ್ಣದಲ್ಲಿ ಹೆಪ್ಪು ಇದ್ದರೆ ಬಲೂನಿನ ಗೊಡವೆ ಬೇಡ. ಹೆಪ್ಪನ್ನು ಅನ್ನನಾಳದ ಮೂಲಕ ಮಾಡುವ ಎಕೊ ಪರೀಕ್ಷೆಯಿಂದ ಹುಡುಕಬೇಕು. ಇದ್ದರೆ ಹಲವು ವಾರ ರಕ್ತ ಹೆಪ್ಪುಗಟ್ಟದ ಔಷಧ ಕೊಟ್ಟು ಮತ್ತೆ ನೋಡಬೇಕು. ಎಲ್ಲವೂ ಸರಿಯಿದ್ದರೆ ವಿಸ್ತೀರ್ಣ ಸುಮಾರು ಎರಡರಷ್ಟಾಗಿ, ರೋಗಿ ಮೇಜಿನ ಮೇಲೆ ಮಲಗಿರುವಾಗಲೇ ಹೃತ್ಕರ್ಣದ ಒತ್ತಡ ಇಳಿಯುವುದು ಕಾಣುತ್ತದೆ. ನೂರರಲ್ಲಿ 2ರಿಂದ 10 ಮಂದಿಯಲ್ಲಿ ದಳ ಹರಿದು ತೀವ್ರ ಸೋರಿಕೆಯುಂಟಾಗುವ ಅಪಾಯವಿರುವುದರಿಂದ ಶಸ್ತ್ರವೈದ್ಯರು ಹತ್ತಿರದಲ್ಲಿರಬೇಕು. ಲಕ್ಷಣಗಳಿದ್ದು ದ್ವಾರ 1.5 ಚದರ ಸೆಂಟಿಮೀಟರನ್ನು ಮೀರದಿದ್ದರೆ ತಡಮಾಡಬಾರದೆಂಬುದು ಸರ್ವಸಮ್ಮತ. ಲಕ್ಷಣವೇ ಇಲ್ಲವೆನ್ನುವವರ ವಿಷಯದಲ್ಲಿ ಎಚ್ಚರ ಬೇಕು: ಎಷ್ಟೋ ಹೆಂಗಸರು ಕಷ್ಟವಾಗುವ ಕೆಲಸಗಳನ್ನು ಒಂದೊಂದಾಗಿ ಬಿಟ್ಟು, ತಮಗೇನೂ ತೊಂದರೆಯಿಲ್ಲವೆಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ.

ಯಾವ ಔಷಧವೂ ಬೆಸೆದ ಸಂಧಿಯನ್ನು ಬಿಡಿಸದು. ಔಷಧಗಳು ಮಾಡುವುದು ಹೊತ್ತನ್ನು ಗಳಿಸಿಕೊಡುವ ಕೆಲಸ, ಅದೂ ಎರಡು ಅರ್ಥದಲ್ಲಿ: ಬೀಟಾ ಅವರೋಧಕಗಳು ನಾಡಿಯನ್ನು ನಿಧಾನಗೊಳಿಸಿ ವ್ಯಾಕೋಚನವನ್ನು ನೀಳಮಾಡುತ್ತವೆ, ಮೂತ್ರವರ್ಧಕಗಳು ಶ್ವಾಸಕೋಶದ ನೀರನ್ನು ಇಳಿಸಿ ಚಿಕಿತ್ಸೆಯ ದಿನದವರೆಗೆ ರೋಗಿಯನ್ನು ಸುಖವಾಗಿಡುತ್ತವೆ. ಹೃತ್ಕರ್ಣ ಲಯತಪ್ಪಿ ಕಂಪಿಸತೊಡಗಿದಾಗ ವೇಗವೂ ಹೆಚ್ಚಿ, ಕರ್ಣದ ಕೊನೆಯ ನೂಕೂ ಇಲ್ಲವಾಗಿ, ನೆಮ್ಮದಿಯಿಂದಿದ್ದವರು ಒಂದೇ ದಿನದಲ್ಲಿ ಕಂಗೆಡುತ್ತಾರೆ. ವೇಗ ತಗ್ಗಿಸಲು ಡಿಜಾಕ್ಸಿನ್ ಇಲ್ಲಿ ಇನ್ನೂ ಬಳಕೆಯಲ್ಲಿದೆ. ಕಂಪನವಿದ್ದವರಿಗೂ, ಹಿಂದೆ ಹೆಪ್ಪಿನಿಂದ ಪಕ್ಷಾಘಾತವಾದವರಿಗೂ ವಾರ್ಫರಿನ್ ಅಥವಾ ನಿಕೂಮಾಲೋನ್ ಅನಿವಾರ್ಯ. ಐಎನ್‌ಆರ್ ಎಂಬ ರಕ್ತಪರೀಕ್ಷೆಯ ಅಂಕೆ 2ಕ್ಕೂ 3ಕ್ಕೂ ನಡುವೆ ಇರುವಂತೆ ಪ್ರಮಾಣವನ್ನು ಹೊಂದಿಸಬೇಕು. ಪದೇ ಪದೇ ರಕ್ತಪರೀಕ್ಷೆ ಬೇಡದ ಹೊಸ ಔಷಧಗಳು ಈ ಹಳೆಯವನ್ನು ಹಿಂದೂಡುವುವೆಂದು ನಿರೀಕ್ಷಿಸಲಾಗಿತ್ತು. ಆದರೆ 24 ದೇಶಗಳಲ್ಲಿ ನಾಲ್ಕೂವರೆ ಸಾವಿರ ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಇನ್‌ವಿಕ್ಟಸ್ ಪ್ರಯೋಗದಲ್ಲಿ ರಿವರೊಕ್ಸಬಾನ್ ಪಡೆದವರಿಗಿಂತ ಹಳೆಯ ಔಷಧ ಪಡೆದವರಲ್ಲಿಯೇ ಮರಣ ಕಡಿಮೆಯಾಗಿತ್ತು. ನಮ್ಮ ಅಡುಗೆಮನೆಗಳಿಗೆ ಸಂಬಂಧಿಸಿದ ಮಾತೊಂದು ಇಲ್ಲಿ ಹೇಳತಕ್ಕದ್ದು: ಸೊಪ್ಪಿನಲ್ಲಿರುವ ಕೆ ಜೀವಸತ್ವ ಈ ಔಷಧಗಳನ್ನು ಕುಂದಿಸುವುದು ನಿಜವಾದರೂ, ಬಸ್ಸಾರು ಮಸ್ಸೊಪ್ಪುಗಳನ್ನು ತೀರ ಬಿಡಬೇಕಾಗಿಲ್ಲ, ಒಂದು ವಾರ ದಿನವೂ ಉಂಡು ಮರುವಾರ ಮುಟ್ಟದಿರುವ ಏರುಪೇರು ಮಾತ್ರ ಕೂಡದು.

ಬಸುರು ಈ ರೋಗದ ಕಠಿನ ಪರೀಕ್ಷೆ. ಗರ್ಭಿಣಿಯ ರಕ್ತದ ಪ್ರಮಾಣ ಅರೆವಾಸಿಯವರೆಗೂ ಹೆಚ್ಚುತ್ತದೆ, ನಾಡಿಯೂ ಚುರುಕಾಗುತ್ತದೆ. ಹಿಂದೆ ವಿವರಿಸಿದ ಎರಡು ಸಂಕಟಗಳೂ ಜೊತೆಗೂಡಿ ಬರುತ್ತವೆ. ಅದುವರೆಗೆ ಗುಪ್ತವಾಗಿದ್ದ ರೋಗ ಐದಾರನೆಯ ತಿಂಗಳಿನಲ್ಲಿ ಏದುಸಿರಾಗಿ ಪ್ರಕಟವಾಗುವುದೂ, ಅದನ್ನು ಬಸುರಿಯ ಸಹಜ ಆಯಾಸವೆಂದು ಮನೆಯವರು ಕಡೆಗಣಿಸುವುದೂ ಸಾಮಾನ್ಯ. ಹೆರಿಗೆಯಾದ ಕೂಡಲೇ ಗರ್ಭಕೋಶ ಕುಗ್ಗಿ ರಕ್ತ ಹೃದಯಕ್ಕೆ ನುಗ್ಗುವ ಗಳಿಗೆ ಅತ್ಯಂತ ಅಪಾಯದ್ದು. ಔಷಧದಿಂದ ಹದಕ್ಕೆ ಬಾರದವರಿಗೆ, ಇಪ್ಪತ್ತು ವಾರಗಳಾದ ಮೇಲೆ, ಕಿರಣಗಳು ಕೂಸಿಗೆ ತಾಗದಂತೆ ಹೊಟ್ಟೆಯನ್ನು ಮರೆಮಾಡಿ ಬಲೂನಿನ ಚಿಕಿತ್ಸೆಯನ್ನು ನಡೆಸಬಹುದು. ಮದುವೆಗೆ ಅಥವಾ ಬಸುರಿಗೆ ಮುಂಚೆಯೇ ಮಾಡಿ ಮುಗಿಸಿದ್ದರೆ ಇನ್ನೂ ಲೇಸು. ಬಸುರಿನ ಮೊದಲ ತಿಂಗಳುಗಳಲ್ಲಿ ವಾರ್ಫರಿನ್ ಭ್ರೂಣಕ್ಕೆ ಹಾನಿಮಾಡಬಲ್ಲದಾದ್ದರಿಂದ ಅದನ್ನು ಸೇವಿಸುವ ಸ್ತ್ರೀ ತಿಂಗಳು ತಪ್ಪಿದೊಡನೆ ವೈದ್ಯರನ್ನು ಕಾಣುವುದು ಅಗತ್ಯ.

ಕವಾಟ ರಿಪೇರಿಗೂ ಮೀರಿದ್ದಾಗ ಅದನ್ನು ತೆಗೆದು ಬೇರೆಯದನ್ನು ಹೊಲಿಯಬೇಕಾಗುತ್ತದೆ. ಆಲ್ಬರ್ಟ್ ಸ್ಟಾರ್ ಮತ್ತು ಲೋವೆಲ್ ಎಡ್ವರ್ಡ್ಸ್ 1960ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಪಂಜರದೊಳಗಿನ ಚೆಂಡಿನ ಮಾದರಿಯಿಂದ ಈ ಯುಗವನ್ನು ಆರಂಭಿಸಿದರು. ಲೋಹದ ಕವಾಟಕ್ಕೆ ಜೀವನಪರ್ಯಂತ ವಾರ್ಫರಿನ್ ಬೇಕು. ಪ್ರಾಣಿಯ ಅಂಗಾಂಶದಿಂದ ಮಾಡಿದ್ದು ಎಳೆಯರಲ್ಲಿ ಬೇಗ ಹಾಳಾಗುತ್ತದೆ. ಎಳೆಯರೇ ಹೆಚ್ಚಾಗಿರುವ ನಮ್ಮಲ್ಲಿ ಎರಡೂ ಕಷ್ಟದ ಆಯ್ಕೆಗಳೇ. ಆಮದಿನ ಕವಾಟದ ಬೆಲೆಗೆ ಪರಿಹಾರವಾಗಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದ ತಂಡ, ಹಲವು ಮಾದರಿಗಳು ಸೋತ ತರುವಾಯ, ವಾಲುವ ಬಿಲ್ಲೆಯ ಚಿತ್ರಾ ಕವಾಟವನ್ನು ಸಿದ್ಧಪಡಿಸಿತು. 1990ರ ಡಿಸೆಂಬರಿನಲ್ಲಿ ಅದನ್ನು ಮೊದಲ ಸಲ ರೋಗಿಯೊಬ್ಬರಿಗೆ ಜೋಡಿಸಲಾಯಿತು. ವಲಿಯತ್ತಾನ್ ಮುಂದೆ ಮಣಿಪಾಲದ ವಿಶ್ವವಿದ್ಯಾಲಯದ ಪ್ರಥಮ ಕುಲಪತಿಗಳಾಗಿ ಕರ್ನಾಟಕದಲ್ಲಿಯೇ ನೆಲೆಸಿದರು.

ಕವಾಟವನ್ನು ಬಿಡಿಸಿದ ಮಾತ್ರಕ್ಕೆ ಜ್ವರದ ಹಗೆ ತೀರುವುದಿಲ್ಲ. ಗಂಟಲುಬೇನೆ ಶುರುವಾದ ಒಂಬತ್ತು ದಿನಗಳೊಳಗೆ ಪೆನಿಸಿಲಿನ್ ದೊರೆತರೆ ಕೀಲುವಾತ ಜ್ವರವನ್ನೇ ತಡೆಯಬಹುದು. ಆ ಅವಕಾಶ ತಪ್ಪಿ ಕವಾಟ ಕೆಟ್ಟವರಿಗೆ, ಜ್ವರ ಮರುಕಳಿಸದಿರಲು, ಮೂರು ನಾಲ್ಕು ವಾರಗಳಿಗೊಮ್ಮೆ 12 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ಬೇಕು, ಕೊನೆಯ ಜ್ವರದಿಂದ ಹತ್ತು ವರ್ಷ ಅಥವಾ ನಲವತ್ತನೆಯ ವಯಸ್ಸಿನವರೆಗೆ, ಯಾವುದು ಹೆಚ್ಚೋ ಅಲ್ಲಿಯವರೆಗೆ. ಚುಚ್ಚುಮದ್ದು ನೋಯುತ್ತದೆ, ಅಗ್ಗವಾದುದರಿಂದ ತಯಾರಕರಿಗೆ ಅದರಲ್ಲಿ ಆಸಕ್ತಿ ಕಡಿಮೆ, ಅಂಗಡಿಗಳಲ್ಲಿ ಸಿಗದಿರುವ ತಿಂಗಳುಗಳೂ ಉಂಟು. ಆದರೂ ಉಗಾಂಡದಲ್ಲಿ, ರೋಗದ ಹೊರಲಕ್ಷಣವೇನೂ ಇಲ್ಲದೆ ಎಕೊದಲ್ಲಿ ಮಾತ್ರ ಕವಾಟದ ವಿಕಾರ ಕಂಡುಬಂದ 818 ಮಕ್ಕಳಲ್ಲಿ ನಡೆದ ಪ್ರಯೋಗವು, ಎರಡು ವರ್ಷಗಳಲ್ಲಿ ರೋಗ ಮುಂದುವರಿದವರ ಪ್ರಮಾಣ ಚುಚ್ಚುಮದ್ದು ಪಡೆಯದವರಲ್ಲಿ ಶೇಕಡ 8.2 ಆಗಿದ್ದರೆ ಪಡೆದವರಲ್ಲಿ ಶೇಕಡ 0.8 ಮಾತ್ರವೆಂದು ತೋರಿಸಿತು. ವಿಶ್ವ ಆರೋಗ್ಯ ಸಭೆ 2018ರಲ್ಲಿ ಈ ರೋಗವನ್ನು ಕುರಿತು ನಿರ್ಣಯವನ್ನು ಅಂಗೀಕರಿಸಿದ ಮೇಲೆಯೂ ಶಾಲಾಮಕ್ಕಳ ಇಂಥ ತಪಾಸಣೆ ನಮ್ಮಲ್ಲಿ ವ್ಯಾಪಕವಾಗಿಲ್ಲ.

ಬಲೂನಿನಿಂದಾಗಲಿ ಶಸ್ತ್ರದಿಂದಾಗಲಿ ಬಿಡಿಸಿದ ಸಂಧಿಗಳು ವರ್ಷಗಳ ಮೇಲೆ ಮತ್ತೆ ಬೆಸೆದುಕೊಳ್ಳಬಹುದು. ಹಾಗಾದಾಗ ದಳಗಳು ಇನ್ನೂ ಮೆದುವಾಗಿದ್ದರೆ ಎರಡನೆಯ ಸಲ ಬಲೂನನ್ನು ಬಳಸಲು ಅಡ್ಡಿಯಿಲ್ಲ. ಚಿಕಿತ್ಸೆ ಇನ್ನೂ ಬೇಡವಾದವರಲ್ಲಿ ದ್ವಾರ 1.5 ಚದರ ಸೆಂಟಿಮೀಟರಿಗಿಂತ ಹೆಚ್ಚಿರುವವರಿಗೆ ಮೂರರಿಂದ ಐದು ವರ್ಷಕ್ಕೊಮ್ಮೆ, ಅದಕ್ಕಿಂತ ಕಿರಿದಾದವರಿಗೆ ಒಂದೆರಡು ವರ್ಷಕ್ಕೊಮ್ಮೆ, 1 ಚದರ ಸೆಂಟಿಮೀಟರಿಗೂ ಇಳಿದವರಿಗೆ ಪ್ರತಿವರ್ಷವೂ ಎಕೊ ಪರೀಕ್ಷೆ ಮಾಡಿಸುವುದು ರೂಢಿ. ನಡುವೆ ಏದುಸಿರು ಹೆಚ್ಚಿದರೂ, ಎದೆಬಡಿತ ತಾಳತಪ್ಪಿದರೂ, ಬಸುರು ನಿಂತರೂ ಆ ಗಡುವಿಗೆ ಕಾಯಬೇಕಾಗಿಲ್ಲ.